ಹುರಳಿ ಹಾಸಿದ ರಸ್ತೆ

ನನ್ನ ಅಣ್ಣನಿಗೆ ಬರುತ್ತಿದ್ದದ್ದು ಒಂದೇ ವಿದ್ಯೆ, ಗಾಡಿ ಓಡಿಸುವುದು. ಅದನ್ನು ಅವನ ಕೈಯಿಂದ ಕಿತ್ತುಕೊಂಡವರಲ್ಲಿ ನಾನೂ ಒಬ್ಬ. ಒಬ್ಬ ಎಂದರೆ ಸುಳ್ಳಾಗುತ್ತದೆ, ನಾನೇ ಮೊದಲಿಗ. ಇದನ್ನು ಈಗ ಬರೆದರೆ ಏನೂ ಸರಿಹೋಗುವುದಿಲ್ಲ. ಅಣ್ಣ ಇಲ್ಲ. ಇದ್ದಾಗ ಹೇಳಬೇಕಾದ್ದನ್ನು ಹೇಳದೆ, ಹೋದಮೇಲೆ ಕಾಗದ ಹಾಳು ಮಾಡುತ್ತಿದ್ದೇನೆ. ಮಾಸ್ತರ ಮಂದಿಯ ಚಟ ಇದು.

ಅಪ್ಪ ತೀರಿಕೊಂಡಾಗ ಅಣ್ಣ ಏಳನೆಯ ಇಯತ್ತೆಯಲ್ಲಿದ್ದ. ಮರುವಾರವೇ ಸಾಲೆ ಬಿಟ್ಟು ಲಾರಿಯ ಕ್ಲೀನರ್ ಆದ. ಲಾರಿ ಒರೆಸುತ್ತ ಒರೆಸುತ್ತ ಓಡಿಸುವುದನ್ನು ಕಲಿತು, ಎಪ್ಪತ್ತರ ದಶಕದ ನಡುವೆ ಎಲ್ಲಿಂದಲೋ ಒಂದು ಹಳೆಯ ಅಂಬಾಸಿಡರ್ ತಂದು ಬಾದಾಮಿಯಲ್ಲಿ ಟ್ಯಾಕ್ಸಿ ಇಟ್ಟ. ನಾನು ಬಿ.ಎ., ಬಿ.ಎಡ್. ಮುಗಿಸಿ ಅದೇ ಊರಿನ ಹೈಸ್ಕೂಲಿಗೆ ಇಂಗ್ಲಿಷ್ ಮಾಸ್ತರನಾಗಿ ಬಂದೆ. ಆ ಓದೆಲ್ಲ ಅವನ ಸ್ಟೇರಿಂಗಿನಿಂದ ಬಂದದ್ದು. ಮನೆಯಲ್ಲಿ ಯಾರೂ ಅದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಅಣ್ಣನಂತೂ ಒಮ್ಮೆಯೂ ಹೇಳಲಿಲ್ಲ.

ಅವನು ಓಡಿಸುವುದನ್ನು ನೋಡಬೇಕಿತ್ತು. ಬೆಳಿಗ್ಗೆ ಮೈತೊಳೆದುಕೊಂಡು ಬಂದವನೇ ಮೊದಲು ಸ್ಟೇರಿಂಗಿಗೆ ವಿಭೂತಿ ಹಚ್ಚಿ, ಉಳಿದದ್ದನ್ನು ತನ್ನ ಹಣೆಗೆ ಹಚ್ಚಿಕೊಳ್ಳುತ್ತಿದ್ದ. ಆಮೇಲೆ ಮಾತಿಲ್ಲ. ಹೆರಿಗೆ ನೋವು ಶುರುವಾದ ಹೆಣ್ಣುಮಕ್ಕಳನ್ನು ಬಾಗಲಕೋಟೆಯ ದವಾಖಾನೆಗೆ ಮುಟ್ಟಿಸುವಾಗ ನಡುದಾರಿಯಲ್ಲಿ ಅವರಿಗೆ ಜೊಂಪು ಹತ್ತುತ್ತಿತ್ತಂತೆ. ಅಷ್ಟು ಹದ ಅವನ ಕೈಯಲ್ಲಿತ್ತು. ಅಷ್ಟು ವರ್ಷಗಳಲ್ಲಿ ಒಂದು ಕೋಳಿಯನ್ನೂ ತುಳಿಸಿದವನಲ್ಲ.

ನನ್ನ ಚಟ ಬೇರೆ. ಸಾಲೆ ಬಿಟ್ಟಕೂಡಲೇ ಇಸ್ತ್ರಿ ಅಂಗಿ ಹಾಕಿಕೊಂಡು ಗುಹೆಗಳ ಕಡೆ ಹೊರಡುತ್ತಿದ್ದೆ. ಚಾಲುಕ್ಯರ ಮೇಲಿನ ಪ್ರೀತಿಯಿಂದಲ್ಲ. ಅಲ್ಲಿಗೆ ಪರದೇಶದವರು ಬರುತ್ತಿದ್ದರು, ಅವರ ಹತ್ತಿರ ಇಂಗ್ಲಿಷ್ ಆಡಬಹುದಿತ್ತು. ಊರಲ್ಲಿ ನನ್ನ ಇಂಗ್ಲಿಷ್ ಕೇಳುವವರೇ ಇರಲಿಲ್ಲ. ವಿದ್ಯಾರ್ಥಿಗಳಿಗೆ ಅದು ತಿಳಿಯುತ್ತಿರಲಿಲ್ಲ, ಹೆಡ್‌ಮಾಸ್ತರರಿಗೆ ನನಗಿಂತ ಕಡಿಮೆ ಬರುತ್ತಿತ್ತು. ಹೀಗಾಗಿ ಯಾವನಾದರೂ ಬಿಳಿಯ ಮನುಷ್ಯ ಮೆಟ್ಟಿಲ ಮೇಲೆ ಕುಳಿತು ಬೆವರು ಒರೆಸಿಕೊಳ್ಳುತ್ತಿದ್ದರೆ ಸಾಕು, ನಾನು ಹಾಜರು.

ಆ ಡಿಸೆಂಬರಿನಲ್ಲಿ ಸಿಕ್ಕವರು ಜರ್ಮನಿಯ ಗಂಡ ಹೆಂಡತಿ. ನಡುವಯಸ್ಸಿನವರು, ಸೌಮ್ಯ ಮಂದಿ. ಇಂಗ್ಲಿಷ್ ಅವರದ್ದೂ ಎರವಲು ಭಾಷೆ, ಆದ್ದರಿಂದ ನಿಧಾನವಾಗಿ ಆಡುತ್ತಿದ್ದರು. ನನಗೆ ಪ್ರತಿಯೊಂದು ಮಾತೂ ತಿಳಿಯಿತು, ಅದೇ ಖುಷಿಗೆ ನಾನು ಉಬ್ಬಿಹೋದೆ. ಮರುದಿನ ಐಹೊಳೆ ನೋಡಿಕೊಂಡು ಗುಡೂರಿನ ಮೇಲೆ ಹಾದು ಇಳಕಲ್ಲಿಗೆ ಹೋಗಬೇಕು, ಅಲ್ಲಿ ಮಗ್ಗದ ಮನೆಗಳನ್ನು ನೋಡಿ ಸೀರೆ ಕೊಳ್ಳಬೇಕು ಎಂದು ಆಕೆಯ ಆಸೆ. ಗಂಡ ಹೇಳಿದ, "ನಮಗೆ ಕಾರು ಬೇಕು, ಡ್ರೈವರ್ ಬೇಡ. ಯಾವ ದೇಶಕ್ಕೆ ಹೋದರೂ ನಾನು ಕಾರು ಬಾಡಿಗೆಗೆ ತೆಗೆದುಕೊಂಡು ನಾನೇ ಓಡಿಸುತ್ತೇನೆ. ಅದೇ ಸುರಕ್ಷಿತ." ಹೊಸಪೇಟೆಯಿಂದ ಬರುವಾಗ ಅವರ ಟ್ಯಾಕ್ಸಿಯವನು ತಿರುವಿನಲ್ಲಿ ಲಾರಿಯನ್ನು ಹಿಂದೆ ಹಾಕಲು ಹೋಗಿದ್ದನಂತೆ.

ಕಾರನ್ನು ಹಾಗೆ ಕೈಗೆ ಕೊಟ್ಟು ಕಳಿಸುವ ಪದ್ಧತಿ ಆಗ ನಮ್ಮಲ್ಲಿ ಎಲ್ಲಿತ್ತು? ಬಾಗಲಕೋಟೆಯಲ್ಲಿ ಕೂಡ ಇರಲಿಲ್ಲ. ಅದನ್ನು ಅವರಿಗೆ ಹೇಳಿ ಮನೆಗೆ ಬರಬೇಕಿತ್ತು. ನಾನು "ನೋ ಪ್ರಾಬ್ಲೆಮ್" ಎಂದೆ.

ಅಣ್ಣ ಗಾಡಿಯ ಕೆಳಗೆ ಮಲಗಿ ಏನೋ ಬಿಗಿ ಮಾಡುತ್ತಿದ್ದ. ಸುದ್ದಿ ಕೇಳಿ ಹೊರಗೆ ತೆವಳಿ ಬಂದ.

"ಡ್ರೈವರ್ ಬ್ಯಾಡಂತಾ? ಯಾಕಂತ?"

"ನಮ್ಮ ಡ್ರೈವರ್ ಮಂದಿ ಮ್ಯಾಲ ಅವರಿಗೆ ಭರೋಸಾ ಇಲ್ಲಣ್ಣ."

ಈ ಮಾತನ್ನು ನಾನು ನಗುತ್ತಲೇ ಹೇಳಿದೆ. ಅವನು ನಗಲಿಲ್ಲ. ಎಣ್ಣೆಯ ಕೈಯನ್ನು ಚಿಂದಿಗೆ ಒರೆಸುತ್ತ ಒರೆಸುತ್ತ ಹೇಳಿದ, "ಇದು ಟ್ಯಾಕ್ಸಿ ಪರ್ಮಿಟ್ಟಿನ ಗಾಡಿ ಐತೋ ತಮ್ಮಾ. ಬ್ಯಾರೆಯವರ ಕೈಯಾಗ ಕೊಡಂಗಿಲ್ಲ. ಏನರ ಹೆಚ್ಚು ಕಡಿಮಿ ಆತಂದ್ರ ವಿಮಾದವರು ಹೊಳ್ಳಿ ನೋಡಂಗಿಲ್ಲ."

"ಏನ್ ಆಗ್ತೈತಿ? ಅವರು ನಮಗಿಂತ ಶಿಸ್ತಿನ ಮಂದಿ. ನಾ ಹೂಂ ಅಂದು ಬಂದೇನಿ."

ಅವನು ನನ್ನ ಇಸ್ತ್ರಿ ಅಂಗಿಯನ್ನೊಮ್ಮೆ ನೋಡಿದ. ತಮ್ಮ ಆಡಿಬಂದ ಮಾತು ಬಿದ್ದುಹೋಗಬಾರದು ಎಂಬುದು ಅವನ ಮನಸ್ಸಿನಲ್ಲಿ ಇತ್ತೆಂದು ನನಗೆ ಆಗಲೂ ಗೊತ್ತಿತ್ತು. ಗೊತ್ತಿದ್ದೇ ಆ ಮಾತು ಆಡಿದ್ದೆ.

"ಹೂಂ ಅಂದೀದಿ ಅಂದಮ್ಯಾಲ ಆತು ಬಿಡು. ನಾ ಹಿಂದಿನ ಸೀಟಿನಾಗ ಕುಂದರ್ತೇನಿ. ಆದ್ರ ನಮ್ಮ ರಸ್ತಾದ್ದು ಎಲ್ಲಾ ಅವಗ ತಿಳಿಸಿ ಹೇಳು. ಒಂದೂ ಬಿಡಬ್ಯಾಡ."

ಆ ಸಂಜೆ ನಾನು ಕುಳಿತು ಬಿಳಿಯ ಹಾಳೆಯ ಮೇಲೆ ಹದಿನಾಲ್ಕು ನಿಯಮ ಬರೆದೆ. ಅಂದವಾದ ಅಕ್ಷರ, ತಪ್ಪಿಲ್ಲದ ಇಂಗ್ಲಿಷ್. ಪ್ರತಿ ತಿರುವಿನಲ್ಲಿ ಹಾರ್ನ್ ಹೊಡೆಯಬೇಕು, ಇಲ್ಲಿ ಅದು ಬೈಗುಳಲ್ಲ. ಎದುರಿಗೆ ಲಾರಿ ಬಂದರೆ ಹಕ್ಕು ಯಾರದೆಂದು ಯೋಚಿಸದೆ ದಾರಿ ಬಿಡಬೇಕು. ಆಕಳು ಕಂಡರೆ ನಿಲ್ಲಬೇಕು. ಎಮ್ಮೆ ಕಂಡರೆ ನಿಂತು ಉಪಯೋಗವಿಲ್ಲ, ಅದು ನಿಮ್ಮ ಸಲುವಾಗಿ ಸರಿಯುವುದಿಲ್ಲ, ಹಿಂದಿನಿಂದ ಸುತ್ತಿ ಹೋಗಬೇಕು. ಚಕ್ಕಡಿಯವನು ಮಲಗಿರಬಹುದು, ಎತ್ತುಗಳು ಮಲಗಿರುವುದಿಲ್ಲ, ಅವುಗಳನ್ನು ನಂಬಬಹುದು. ಕುರಿ ಹಿಂಡಿನ ನಡುವೆ ಹೋಗಬಾರದು. ಹೀಗೆ ಹದಿನಾಲ್ಕು. ಬರೆದು ಮುಗಿಸಿ ಎರಡು ಸಲ ಓದಿಕೊಂಡು, ಚೆನ್ನಾಗಿದೆ ಎಂದು ನನಗೆ ನಾನೇ ಹೇಳಿಕೊಂಡೆ.

ಬೆಳಿಗ್ಗೆ ಆ ಜರ್ಮನ್ ಮನುಷ್ಯ ಕಾರು ವಹಿಸಿಕೊಂಡ ಬಗೆಯೇ ಒಂದು ತಮಾಷೆ. ತನ್ನ ದೇಶದಿಂದ ಒಂದು ಚಿಕ್ಕ ಪುಸ್ತಕ ತಂದಿದ್ದ. ಪರದೇಶದಲ್ಲಿ ಕಾರು ಬಾಡಿಗೆ ಹಿಡಿಯುವವರು ಏನೇನು ನೋಡಿಕೊಳ್ಳಬೇಕು ಎಂಬುದು ಅದರಲ್ಲಿತ್ತು. ಅದನ್ನು ಹಿಡಿದು ಗಾಡಿಯ ಸುತ್ತ ಪ್ರದಕ್ಷಿಣೆ ಹಾಕಿದ. ಟಾಯರಿಗೆ ಕೈ ಒತ್ತಿದ, ದೀಪ ಹಚ್ಚಿಸಿ ಆರಿಸಿದ, ಸ್ಟೆಪ್ನಿ ತೆಗೆಸಿ ನೋಡಿದ. ಎಲ್ಲೆಲ್ಲಿ ತಗ್ಗು, ಎಲ್ಲೆಲ್ಲಿ ಗೀರು ಎಂದು ಗಾಡಿಯ ಚಿತ್ರ ಬರೆದು ಗುರುತು ಹಾಕತೊಡಗಿದ. ಅಂಬಾಸಿಡರಿನ ಗೀರು ಬರೆಯಲು ಹೋದರೆ ಹಾಳೆ ಸಾಲುತ್ತದೆಯೆ? ಅಣ್ಣ ಅವನ ಹಿಂದೆಯೇ ನಡೆದು ಒಂದೊಂದು ತಗ್ಗಿನ ಕತೆ ಹೇಳಿದ. ಇದು ಕೆರೂರಿನ ಹೋರಿ ಹಾಯ್ದದ್ದು, ಇದು ಬೀಗರ ಮನೆಯ ಹಂದರದ ಗಳ ಬಿದ್ದದ್ದು. ನಾನು ಭಾಷಾಂತರ ಮಾಡಿದೆ, ಅವನು ಅದನ್ನೂ ಬರೆದುಕೊಂಡ. ಕೊನೆಗೆ ಗಾಡಿಯ ಕಾಗದ ಕೇಳಿದ. ಅಣ್ಣ ದೇವರ ಮಾಡದಲ್ಲಿ ಅರಿವೆ ಸುತ್ತಿ ಇಟ್ಟಿದ್ದ ಕಾಗದಗಳನ್ನು ತಂದು ಎರಡೂ ಕೈಯಲ್ಲಿ ಕೊಟ್ಟ. ಅದರೊಳಗೆ ಅವನ ಲೈಸೆನ್ಸೂ ಇತ್ತು. ಆ ಮನುಷ್ಯ ಅದನ್ನು ಬಿಡಿಸಿ, ಅಣ್ಣನ ಹರೆಯದ ಫೋಟೋ ನೋಡಿ ನಕ್ಕು, ತನ್ನದನ್ನೂ ತೆಗೆದು ತೋರಿಸಿದ. ಇಬ್ಬರೂ ಒಬ್ಬರ ಲೈಸೆನ್ಸ್ ಒಬ್ಬರು ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತಿದ್ದರು. ಗಾಡಿ ಹತ್ತುವಾಗ ಅಣ್ಣ ನನ್ನ ಕಿವಿಯಲ್ಲಿ ಹೇಳಿದ, "ಮನಷ್ಯಾ ಖರೇದಾಂವ ಅದಾನ."

ನಕಾಶೆ ಹಿಡಿದುಕೊಂಡು ಹೆಂಡತಿ ಮುಂದೆ ಕುಳಿತಳು. ನಾವಿಬ್ಬರೂ ಹಿಂದೆ. ಸ್ಟೇರಿಂಗಿನ ಪಕ್ಕದ ಗೇರು ಹತ್ತು ನಿಮಿಷದಲ್ಲಿ ಅವನಿಗೆ ಒಗ್ಗಿತು. ಅವರ ದೇಶದಲ್ಲಿ ಬಲಗಡೆ ಓಡಿಸುತ್ತಾರೆ, ಅದಕ್ಕೆ ಪ್ರತಿ ಕೂಡುರಸ್ತೆಯಲ್ಲಿ "ಎಡಕ್ಕೆ, ಎಡಕ್ಕೆ" ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ನನ್ನ ಹಾಳೆಯನ್ನು ಕನ್ನಡಿಯ ಹತ್ತಿರ ಸಿಕ್ಕಿಸಿದ್ದ. ಎಮ್ಮೆ ಬಂದಾಗ ನಿಂತು, ಹಾಳೆ ನೋಡಿ, ಹಿಂದಿನಿಂದ ಸುತ್ತಿ ಹೋದ. ಅಣ್ಣನಿಗೆ ನಗು ತಡೆಯಲಿಲ್ಲ. ಪಟ್ಟದಕಲ್ಲು ದಾಟುವಷ್ಟರಲ್ಲಿ ಅಣ್ಣನ ಬಲಗಾಲು ಬ್ರೇಕೆಂದು ಕೆಳಗಿನ ಚಾಪೆಯನ್ನು ಒತ್ತುವುದನ್ನು ಬಿಟ್ಟಿತ್ತು. ಐಹೊಳೆ ನೋಡಿ ಹೊರಟಾಗ ಹೇಳಿದ, "ಛಲೋ ಓಡಸ್ತಾನ. ನನಗಿಂತ ಸಾವಕಾಶ ಅದಾನ."

ನಮ್ಮ ಸೀಮೆಯವರಿಗೆ ಹೇಳಬೇಕಾಗಿಲ್ಲ, ಬೇರೆಯವರಿಗೆ ಹೇಳುತ್ತೇನೆ. ಡಿಸೆಂಬರಿನಲ್ಲಿ ಹುರಳಿ ಕಿತ್ತು ಬರುತ್ತದೆ. ಕಣ ಮಾಡಿ ಎತ್ತು ಕಟ್ಟಿ ತುಳಿಸುವುದು ದಿನಗಟ್ಟಲೆಯ ಕೆಲಸ. ಡಾಂಬರು ರಸ್ತೆ ಬಂದಮೇಲೆ ಮಂದಿ ಸುಲಭದ ಹಾದಿ ಕಂಡುಕೊಂಡರು. ಒಣಗಿದ ಗಿಡಗಳನ್ನು ತಂದು ರಸ್ತೆಯ ಉದ್ದಗಲಕ್ಕೂ ಹಾಸಿಬಿಡುವುದು. ಬಸ್ಸು, ಲಾರಿ, ಟ್ಯಾಕ್ಸಿ ಎಲ್ಲ ಅದರ ಮೇಲೆಯೇ ಹೋಗುತ್ತವೆ. ಗಾಲಿಯ ಕೆಳಗೆ ಕಾಯಿ ಒಡೆದು ಕಾಳು ಬೀಳುತ್ತದೆ. ಗಾಡಿಯವರು ಹಾದುಹೋದಷ್ಟೂ ರೈತನಿಗೆ ಲಾಭ, ಸುತ್ತಿ ಬಳಸಿ ಹೋದರೆ ಸಿಟ್ಟು. ತುಳಿದ ಹೊಟ್ಟನ್ನು ರಸ್ತೆಯ ಬದಿಗೆ ಗುಡ್ಡೆ ಹಾಕಿ, ಅದರ ಮರೆಯಲ್ಲಿ ಹೆಣ್ಣುಮಕ್ಕಳು ರಸ್ತೆಗೆ ಬೆನ್ನು ಹಾಕಿ ಕುಳಿತು ಮೊರದಲ್ಲಿ ಹಸನು ಮಾಡುತ್ತಾರೆ. ಗಾಡಿಗಳು ರಸ್ತೆಯ ಮೇಲೆ ಹೋಗುತ್ತವಾದ್ದರಿಂದ ಬದಿಯಲ್ಲಿ ಯಾವ ಭಯವೂ ಇಲ್ಲ. ಇದೆಲ್ಲ ನನಗೆ ಹುಟ್ಟಿದಾಗಿನಿಂದ ಗೊತ್ತು. ಎಷ್ಟು ಗೊತ್ತೆಂದರೆ ಹದಿನಾಲ್ಕು ನಿಯಮ ಬರೆಯುವಾಗ ಇದೊಂದು ನಿಯಮವೆಂದು ನನಗೆ ಹೊಳೆಯಲೇ ಇಲ್ಲ.

ಗುಡೂರು ಒಂದೆರಡು ಮೈಲಿ ಇರುವಾಗ ರಸ್ತೆಯ ತುಂಬ ಹುರಳಿ ಹಾಸಿತ್ತು. ಅವನು ವೇಗ ಕಡಿಮೆ ಮಾಡಿದ. ಆಚೆ ಬದಿ ನಿಂತ ಒಬ್ಬ ಗಂಡಸು ಹೋಗ್ರಿ ಹೋಗ್ರಿ ಎಂದು ಕೈ ಬೀಸಿದ. ಕಾರು ನಿಂತಿತು.

"ಇದು ಅವರ ಆಹಾರ ಅಲ್ಲವೆ?" ಎಂದು ಆ ಮನುಷ್ಯ ಹಿಂದಿರುಗಿ ನನ್ನನ್ನು ಕೇಳಿದ.

"ಹೌದು," ಎಂದೆ.

"ಜನರ ಆಹಾರದ ಮೇಲೆ ನಾನು ಕಾರು ಓಡಿಸುವುದಿಲ್ಲ."

ನನಗೆ ಅದು ಎಷ್ಟು ಹಿಡಿಸಿತು ಎಂದರೆ, ಅವನಿಗೆ ಉತ್ತರ ಕೊಡುವುದನ್ನು ಬಿಟ್ಟು ಅಣ್ಣನ ಕಡೆ ತಿರುಗಿ, "ನೋಡಣ್ಣ, ಅನ್ನದ ಮ್ಯಾಲ ಗಾಡಿ ಹಾಯಿಸಂಗಿಲ್ಲ ಅಂತಾನ, ಎಂಥಾ ಮನಷ್ಯಾ," ಎನ್ನುತ್ತಿದ್ದೆ. ಅಷ್ಟರಲ್ಲಿ ಕಾರು ಎಡಕ್ಕೆ ಹೊರಳಿ ರಸ್ತೆ ಇಳಿಯುತ್ತಿತ್ತು. ಬಹಳ ನಿಧಾನವಾಗಿ, ಬಹಳ ಎಚ್ಚರದಿಂದ. ಹಾರ್ನ್ ಹೊಡೆಯಲಿಲ್ಲ, ಅದು ತಿರುವಲ್ಲವಲ್ಲ.

ಅಣ್ಣ ಕೂಗಿದ, "ಬ್ಯಾಡ, ಕೆಳಗ ಇಳಿಬ್ಯಾಡ. ಮ್ಯಾಲ ಹೊಡಿ ಅನ್ನೋ ಅವಗ, ಮ್ಯಾಲ."

ಸ್ಟಾಪ್ ಎಂಬ ಒಂದು ಮಾತು ಸಾಕಿತ್ತು. ಅದನ್ನು ಲಾರಿ ಕ್ಲೀನರುಗಳೂ ಬಲ್ಲರು, ಅಣ್ಣನೂ ಬಲ್ಲ. ಆದರೆ ಇಂಗ್ಲಿಷ್ ನನ್ನ ಖಾತೆಯ ಕೆಲಸ ಎಂದು ಅವನು ನನ್ನ ಕಡೆ ನೋಡಿದ. ನಾನು ದಯವಿಟ್ಟು ಹೀಗೆ ಮಾಡಬೇಡಿ ಎಂಬುದನ್ನು ಮರ್ಯಾದೆಯಿಂದ ಹೇಗೆ ಹೇಳುವುದೆಂದು ಬಾಯಲ್ಲಿ ಜೋಡಿಸಿಕೊಳ್ಳುತ್ತಿದ್ದೆ. ಜೋಡಿಸುವಷ್ಟರಲ್ಲಿ ಕಾರು ಹೊಟ್ಟಿನ ಗುಡ್ಡೆಯ ಅಂಚನ್ನು ಸರಿಸಿ ಮುಂದೆ ಹೋಯಿತು. ಗುಡ್ಡೆಯ ಹಿಂದೆ ಮೊರ ಹಿಡಿದು ಕುಳಿತಿದ್ದ ಮುದುಕಿಯ ಕಾಲಿನ ಮೇಲೆ ಮುಂದಿನ ಗಾಲಿ ಹತ್ತಿತು.

ಆಮೇಲಿನದನ್ನು ವಿವರಿಸಲಾರೆ. ಕೈ ಬೀಸಿದ್ದ ಗಂಡಸು ಆಕೆಯ ಮಗ. ಅವನು, ಅಣ್ಣ, ಆ ಜರ್ಮನ್ ಮನುಷ್ಯ ಮೂವರೂ ಸೇರಿ ಬಂಪರ್ ಎತ್ತಿ ಆಕೆಯನ್ನು ಬಿಡಿಸಿದರು. ಗಂಡ ಹೆಂಡತಿ ಆಕೆಯನ್ನು ಹಿಂದಿನ ಸೀಟಿನಲ್ಲಿ ತಮ್ಮ ಮಡಿಲ ಮೇಲೆ ಮಲಗಿಸಿಕೊಂಡರು. ಮಗ ಮತ್ತು ನಾನು ಮುಂದೆ. ಅಣ್ಣ ಸ್ಟೇರಿಂಗ್ ಹಿಡಿದ. ಇಳಕಲ್ಲಿನವರೆಗೂ ಹಾರ್ನಿನಿಂದ ಕೈ ತೆಗೆಯಲಿಲ್ಲ. ದಾರಿಯಲ್ಲಿ ಇನ್ನೂ ನಾಲ್ಕು ಕಡೆ ಹುರಳಿ ಹಾಸಿತ್ತು. ನಾಲ್ಕರ ಮೇಲೂ ಹಾಯಿಸಿಕೊಂಡೇ ಹೋದ, ಗಾಡಿ ಒಂದಿಷ್ಟೂ ಕುಲುಕಲಿಲ್ಲ. ಅದೇ ಅವನು ಮಂದಿಯನ್ನು ಕೂರಿಸಿಕೊಂಡು ಓಡಿಸಿದ ಕೊನೆಯ ದೂರದ ದಾರಿ ಎಂದು ನಮಗೆ ಆಗ ಗೊತ್ತಿರಲಿಲ್ಲ.

ಮುದುಕಿ ಅಳಲಿಲ್ಲ. ಒಂದೇ ಮಾತನ್ನು ಮತ್ತೆ ಮತ್ತೆ ಕೇಳುತ್ತಿದ್ದಳು, "ಅಲ್ಲಿ ಯಾಕ ಬಂದ್ರೋ ಯಪ್ಪಾ? ಅಷ್ಟು ದೊಡ್ಡ ರಸ್ತಾ ಬಿಟ್ಟು ಅಲ್ಲಿ ಯಾಕ ಬಂದ್ರಿ?"

"ಆಕೆ ಏನು ಹೇಳುತ್ತಿದ್ದಾಳೆ?" ಎಂದು ಆ ಮನುಷ್ಯ ಕೇಳಿದ.

"ನೋವಾಗುತ್ತಿದೆ ಎನ್ನುತ್ತಿದ್ದಾಳೆ," ಎಂದೆ. ಅಂದು ನಾನು ಮಾಡಿದ ಸುಳ್ಳು ಭಾಷಾಂತರಗಳಲ್ಲಿ ಅದು ಮೊದಲನೆಯದು.

ಎರಡನೆಯದು ಪೊಲೀಸ್ ಠಾಣೆಯಲ್ಲಿ. ಮುದುಕಿಯನ್ನು ದವಾಖಾನೆಯಲ್ಲಿ ಮಗನ ಜೊತೆ ಬಿಟ್ಟು ನಾವು ಅಲ್ಲಿಗೆ ಹೋಗಬೇಕಾಯಿತು. ಒಳಗೆ ಹೋಗುವ ಮುಂಚೆ ಅಣ್ಣ ನನ್ನನ್ನು ಬೇವಿನ ಗಿಡದ ಕೆಳಗೆ ಕರೆದೊಯ್ದ.

"ನಾನ ಓಡಸ್ತಿದ್ದೆ ಅಂತ ಬರಸು."

"ಯಾಕಣ್ಣ?"

"ಅಂವ ಓಡಸ್ತಿದ್ದ ಅಂದ್ರ ವಿಮಾದವರು ಆ ಮುದುಕಿಗೆ ಏನೂ ಕೊಡಂಗಿಲ್ಲ. ಮ್ಯಾಲ ಅಂವ ನಾಕ ದಿವಸದಾಗ ವಿಮಾನ ಹತ್ತಬೇಕು. ಪರದೇಶಿ ಮನಷ್ಯಾ ಇಲ್ಲಿ ಕೋರ್ಟಿಗೆ ಅಲಿತಾನೇನು? ನನಗೇನು, ದಂಡ ಹಾಕಿ ಬಿಡ್ತಾರ."

ಅಣ್ಣ ಲೆಕ್ಕ ಹಾಕಿದ್ದು ಅಷ್ಟೇ. ದಂಡ ಕಟ್ಟಿ ಮತ್ತೆ ಓಡಿಸಿಕೊಂಡಿದ್ದ ಡ್ರೈವರುಗಳನ್ನು ಅವನು ಕಂಡಿದ್ದ.

ಒಳಗೆ ಆ ಮನುಷ್ಯ ಫೌಜದಾರರ ಮುಂದೆ ನೆಟ್ಟಗೆ ನಿಂತು ಹೇಳಿದ, "ಕಾರು ಓಡಿಸುತ್ತಿದ್ದವನು ನಾನು. ತಪ್ಪು ನನ್ನದು, ಡ್ರೈವರನದ್ದಲ್ಲ."

"ಏನಂತಾರ್ರಿ ಮಾಸ್ತರ್, ಸಾಹೇಬ್ರು?"

"ಡ್ರೈವರ್ ಸಾವಕಾಶನ ಓಡಸ್ತಿದ್ದ, ಮುದುಕಿ ಹೊಟ್ಟಿನ ಹಿಂದ ಕಾಣಲಿಲ್ಲ ಅಂತಾರ್ರಿ."

ಅದನ್ನೇ ಕನ್ನಡದಲ್ಲಿ ಬರೆದರು. ಅವನು ಓದಲಾರದೆ ರುಜು ಹಾಕಿದ. ಭಾಷಾಂತರ ಮಾಡಿದವನೆಂದು ಅದರ ಕೆಳಗೆ ನಾನು ರುಜು ಹಾಕಿದೆ, ಹೈಸ್ಕೂಲ್ ಶಿಕ್ಷಕ ಎಂದೂ ಸೇರಿಸಿದೆ. ತನ್ನ ತಪ್ಪನ್ನು ಒಪ್ಪಿಕೊಂಡೆ ಎಂದೇ ಅವನು ನಂಬಿದ್ದ. ಹೊರಗೆ ಬಂದಾಗ ಇಷ್ಟು ಬೇಗ ಬಿಟ್ಟರಲ್ಲ ಎಂದು ಅವನಿಗೆ ಆಶ್ಚರ್ಯ. ಕರೆದಾಗ ಬರಬೇಕಾಗುತ್ತದೆ, ಕಾಗದ ಬರುತ್ತದೆ ಎಂದು ನಾನು ಹೇಳಿದೆ. ಗಾಡಿಯನ್ನು ಮೊಕದ್ದಮೆ ಮುಗಿಯುವವರೆಗೆ ಠಾಣೆಯಲ್ಲೇ ಇಟ್ಟುಕೊಂಡರು. ಮರುದಿನ ಬಸ್ಸಿನಲ್ಲಿ ಕರೆದೊಯ್ದು ಬಾಗಲಕೋಟೆಯ ರೈಲು ನಿಲ್ದಾಣದಲ್ಲಿ ಹತ್ತಿಸಿದಾಗ ಅವನು ಅಣ್ಣನ ಎರಡೂ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ. ನನ್ನ ಹದಿನಾಲ್ಕು ನಿಯಮದ ಹಾಳೆಯನ್ನು ಮಡಚಿ ಜೇಬಿನಲ್ಲಿ ಇಟ್ಟುಕೊಂಡಿದ್ದ.

ಮುದುಕಿಯ ಕಾಲನ್ನು ಮೊಣಕಾಲಿನ ಮೇಲಕ್ಕೆ ತೆಗೆಯಬೇಕಾಯಿತು. ಕಾಲು ಹೋದಮೇಲೆ ಮೊಕದ್ದಮೆಯ ಬಣ್ಣವೇ ಬದಲಾಯಿತು. ಈ ಸಲ ದಂಡದಲ್ಲಿ ಮುಗಿಯಲಿಕ್ಕಿಲ್ಲ, ಲೈಸೆನ್ಸಿಗೆ ಬರುತ್ತದೆ ಎಂದು ವಕೀಲರು ಹೇಳಿದರು. ಅಣ್ಣ ಅಂದು ರೊಟ್ಟಿ ಮುಟ್ಟಲಿಲ್ಲ. ಆದರೂ ಮುದುಕಿಗೆ ವಿಮೆ ಸಿಗಲಿ ಎಂದು ಮಾತು ಬದಲಿಸಲಿಲ್ಲ.

ಹುನಗುಂದದ ಕೋರ್ಟಿನಲ್ಲಿ ತಾರೀಖು ಹತ್ತಿರ ಬರುತ್ತಿದ್ದಾಗ ಜರ್ಮನಿಯಿಂದ ಆ ಮನುಷ್ಯನ ಪತ್ರ ಬಂತು. ಸಾಲೆಯ ವಿಳಾಸಕ್ಕೆ, ನನ್ನ ಹೆಸರಿಗೆ. ನೀಲಿ ಹಾಳೆ, ಬಿಡಿಬಿಡಿಯಾದ ಅಕ್ಷರ. ಇಷ್ಟು ತಿಂಗಳಾದರೂ ಕೋರ್ಟಿನಿಂದ ತನಗೆ ಕರೆ ಬಂದಿಲ್ಲ, ಕಾಗದ ತಪ್ಪಿಹೋಗಿರಬಹುದೆ ಎಂದು ಕೇಳಿದ್ದ. ತಾರೀಖು ತಿಳಿಸಿದರೆ ಬಂದು ನಿಲ್ಲುತ್ತೇನೆ ಎಂದು ಬರೆದಿದ್ದ. ಬರಲಾಗದಿದ್ದರೆ ಉಪಯೋಗವಾಗಲಿ ಎಂದು, ಓಡಿಸುತ್ತಿದ್ದವನು ತಾನೇ ಎಂಬ ಹೇಳಿಕೆಯನ್ನು ತನ್ನ ಊರಿನ ವಕೀಲರ ಮುಂದೆ ರುಜು ಮಾಡಿ ಮುದ್ರೆ ಒತ್ತಿಸಿ ಜೊತೆಗೆ ಇಟ್ಟಿದ್ದ. ಕೊನೆಯಲ್ಲಿ ನಾಲ್ಕು ಸಾಲು ಬೇರೆ ಇದ್ದವು. "ನಿಮ್ಮ ಹಾಳೆಯನ್ನು ಬಹಳ ಸಲ ಓದಿದೆ. ರಸ್ತೆಯ ಮೇಲೆ ಕಾಳು ಇದ್ದರೆ ಏನು ಮಾಡಬೇಕೆಂದು ಅದರಲ್ಲಿ ಇಲ್ಲ. ನಾನು ಏನು ಮಾಡಬೇಕಾಗಿತ್ತು? ದಯವಿಟ್ಟು ಬರೆಯಿರಿ."

ಸ್ಟಾಫ್ ರೂಮಿನಲ್ಲಿ ಕುಳಿತು ನಾಲ್ಕು ಸಲ ಓದಿದೆ. ಆ ಮುದ್ರೆಯ ಕಾಗದವನ್ನು ವಕೀಲರ ಕೈಯಲ್ಲಿ ಇಟ್ಟಿದ್ದರೆ ಅಣ್ಣನ ಲೈಸೆನ್ಸ್ ಉಳಿಯುವ ದಾರಿ ಇತ್ತು. ಗಾಡಿ ಬೇರೆಯವನಿಗೆ ಕೊಟ್ಟದ್ದಕ್ಕೆ ಏನೋ ಒಂದು ಶಿಕ್ಷೆ ಆಗುತ್ತಿತ್ತು, ಕಾಲು ಮುರಿದ ಪಾಪ ಅವನ ತಲೆಗೆ ಬರುತ್ತಿರಲಿಲ್ಲ. ಆದರೆ ಹಾಗಾದರೆ ಠಾಣೆಯಲ್ಲಿ ಸುಳ್ಳು ಭಾಷಾಂತರ ಮಾಡಿದವನು ಯಾರು ಎಂಬ ಪ್ರಶ್ನೆ ಬರುತ್ತಿತ್ತು. ಕೆಳಗೆ ನನ್ನ ರುಜು, ಅದರ ಕೆಳಗೆ ನನ್ನ ಹುದ್ದೆ. ನೌಕರಿ ಕಾಯಂ ಆಗಿ ಇನ್ನೂ ವರ್ಷ ತುಂಬಿರಲಿಲ್ಲ. ಮುದುಕಿಯ ವಿಮೆ ತಪ್ಪಬಾರದು, ಅಣ್ಣನೇ ಹಾಗೆಂದಿದ್ದಾನೆ, ಎಂದು ನನಗೆ ನಾನು ಹೇಳಿಕೊಂಡೆ. ಹೇಳಿಕೊಳ್ಳುವಾಗಲೇ ಅದು ನೆಪ ಎಂದು ಗೊತ್ತಿತ್ತು. ಹೆದರಿಕೆ ನನ್ನ ನೌಕರಿಯದು.

ಪರದೇಶದ ಪತ್ರ ಬಂದರೆ ಸಣ್ಣ ಊರಲ್ಲಿ ಮುಚ್ಚಿಡಲಾಗುವುದಿಲ್ಲ. ಅಂಚೆಯವನೇ ಅಣ್ಣನಿಗೆ ಹೇಳಿದ್ದ. ಸಂಜೆ ಮನೆಗೆ ಬಂದು ಕೇಳಿದ, "ಸಾಹೇಬ ಏನ್ ಬರದಾನ?"

"ಅರಾಮ ಅದಾರಂತ. ನಿನ್ನ ಕೇಳ್ಯಾರ."

"ಮತ್ತೇನರ? ಕೋರ್ಟಿನ ಸುದ್ದಿ?"

"ಏನೂ ಇಲ್ಲ."

ಅವನು ಪತ್ರವನ್ನು ಕೈಗೆ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದ. ಆ ಮುದ್ರೆಯ ಕಾಗದವನ್ನು ನಾನು ಮೊದಲೇ ಪೆಟ್ಟಿಗೆಯಲ್ಲಿ ಇಟ್ಟಿದ್ದೆ. ಪತ್ರಕ್ಕೆ ಉತ್ತರ ಬರೆಯಲಿಲ್ಲ. ಆಮೇಲೆ ಇನ್ನೊಂದು ಬಂತು, ಅದಕ್ಕೂ ಬರೆಯಲಿಲ್ಲ. ಮೂರನೆಯದು ಬರಲಿಲ್ಲ.

ಅಣ್ಣ ಕೋರ್ಟಿನಲ್ಲಿ ತಪ್ಪು ಒಪ್ಪಿಕೊಂಡ. ದಂಡ ಹಾಕಿದರು, ಲೈಸೆನ್ಸ್ ರದ್ದಾಯಿತು. ಅದನ್ನು ಒಪ್ಪಿಸುವಾಗ ಸುತ್ತಿದ್ದ ಅರಿವೆಯನ್ನು ಮಾತ್ರ ವಾಪಸು ತೆಗೆದುಕೊಂಡು ಮಡಚಿ ಕಿಸೆಯಲ್ಲಿ ಇಟ್ಟುಕೊಂಡ. ಇಷ್ಟಾದರೂ ಮುದುಕಿಗೆ ವಿಮೆ ಸಿಕ್ಕಿದ್ದರೆ ಒಂದು ಸಮಾಧಾನವಿರುತ್ತಿತ್ತು. ಅದಕ್ಕಾಗಿ ಬಾಗಲಕೋಟೆಯಲ್ಲಿ ಬೇರೆಯೇ ಮೊಕದ್ದಮೆ ನಡೆಯಿತು. ಅಲ್ಲಿ ವಿಮೆಯವರ ವಕೀಲ ಆಕೆಯ ಮಗನನ್ನು ಗಾಡಿ ಯಾರು ಓಡಿಸುತ್ತಿದ್ದರು ಎಂದು ಕೇಳಿದ. ಮಗ ಖರೆ ಮನುಷ್ಯ. ದೇವರ ಮೇಲೆ ಆಣೆ ಮಾಡಿ ನಿಂತಿದ್ದ. "ಒಬ್ಬ ಕೆಂಪು ಮನಷ್ಯಾ ಓಡಸ್ತಿದ್ದರಿ," ಎಂದ. ಅಲ್ಲಿಗೆ ಅದೂ ಮುಗಿಯಿತು. ಅಣ್ಣ ಬಲಿಕೊಟ್ಟದ್ದು ಯಾರಿಗೂ ಉಪಯೋಗಕ್ಕೆ ಬರಲಿಲ್ಲ. ಲೈಸೆನ್ಸ್ ಮಾತ್ರ ಹೋದದ್ದು ಹೋಯಿತು. ಒಪ್ಪಿಕೊಂಡು ಶಿಕ್ಷೆಯಾದ ಹಳೆಯ ಮೊಕದ್ದಮೆಯನ್ನು ಯಾರಾದರೂ ಕೆದಕದೆ ತಾನಾಗಿ ತೆರೆಯುವುದಿಲ್ಲ. ಕೆದಕುವ ಕಾಗದ ನನ್ನ ಪೆಟ್ಟಿಗೆಯಲ್ಲಿತ್ತು. ಈಗ ಮುದುಕಿಯ ನೆಪವೂ ಉಳಿದಿರಲಿಲ್ಲ. ಆಗಲೂ ನಾನು ಪೆಟ್ಟಿಗೆ ತೆರೆಯಲಿಲ್ಲ.

ಗಾಡಿ ಮಾರಿದ. ಸ್ಟೇಶನ್ ರಸ್ತೆಯಲ್ಲಿ ಪಂಕ್ಚರ್ ತಿದ್ದುವ ಡಬ್ಬಿ ಅಂಗಡಿ ಇಟ್ಟ. ಮಂದಿಯ ಗಾಲಿಗೆ ತೇಪೆ ಹಚ್ಚಿ, ಗಾಳಿ ತುಂಬಿ, ಹೋಗ್ರಿ ಎಂದು ಬಾನೆಟ್ಟಿಗೆ ಒಂದು ತಟ್ಟು ಕೊಟ್ಟು ಕಳಿಸುತ್ತಿದ್ದ. ಕೆಲವರು ಗಾಡಿ ಸ್ವಲ್ಪ ಮುಂದೆ ಸರಿಸು ಎಂದು ಕೀಲಿ ಕೊಡಲು ಬಂದರೆ ಕೈ ಹಿಂದೆ ಕಟ್ಟಿಕೊಳ್ಳುತ್ತಿದ್ದ. ಬೆಳಿಗ್ಗೆ ವಿಭೂತಿ ಹಚ್ಚಲು ಸ್ಟೇರಿಂಗ್ ಇಲ್ಲದ್ದರಿಂದ ಗಾಳಿ ಹೊಡೆಯುವ ಪಂಪಿಗೆ ಹಚ್ಚುತ್ತಿದ್ದ. ನಾನು ಅವನ ಅಂಗಡಿಯ ಮುಂದೆ ಹಾಯುವುದನ್ನು ಆದಷ್ಟು ತಪ್ಪಿಸುತ್ತಿದ್ದೆ. ವರ್ಗ ಕೇಳಿಕೊಂಡು ಬಾಗಲಕೋಟೆಗೆ ಹೋದೆ, ವಿದ್ಯಾಗಿರಿಯಲ್ಲಿ ಬಾಡಿಗೆ ಮನೆ ಹಿಡಿದೆ. ಅಣೆಕಟ್ಟಿನ ಹಿನ್ನೀರಿನಲ್ಲಿ ಊರು ಮುಳುಗುತ್ತದೆ, ನವನಗರಕ್ಕೆ ಹೋಗಬೇಕು ಎಂದು ಅಲ್ಲಿ ಎಲ್ಲರೂ ತಲೆ ಕೆಡಿಸಿಕೊಂಡಿದ್ದರು. ನನಗೆ ಮಾತ್ರ ಬಾದಾಮಿಯಿಂದ ದೂರ ಇದ್ದರೆ ಸಾಕಾಗಿತ್ತು.

ಎಂಬತ್ತರ ದಶಕದ ಕೊನೆಯಲ್ಲಿ ಒಂದು ಡಿಸೆಂಬರ್. ನಮ್ಮ ಸೋದರಸೊಸೆಯ ಮದುವೆಗೆ ಇಳಕಲ್ಲಿನಿಂದ ಸೀರೆ ತರಬೇಕಿತ್ತು. ಅಣ್ಣ ನನ್ನನ್ನೇ ಕರೆದ, ಇಲ್ಲವೆನ್ನಲಾಗಲಿಲ್ಲ. ಬಸ್ಸಿನಲ್ಲಿ ಡ್ರೈವರನ ಹಿಂದಿನ ಸೀಟೇ ಬೇಕು ಎಂದು ಹಟ ಹಿಡಿದು ಅಲ್ಲಿ ಕುಳಿತ. ಬಸ್ಸು ತಿರುವಿಗೆ ಬಂದಾಗಲೆಲ್ಲ ಅವನ ಬಲಗಾಲು ನೆಲ ಒತ್ತುತ್ತಿತ್ತು, ಎಡಗೈ ಅಲ್ಲಿ ಇಲ್ಲದ ಗೇರಿನ ಕಡೆ ಹೋಗಿ ಮಡಿಲಿಗೆ ಮರಳುತ್ತಿತ್ತು. ನಾನು ಕಿಟಕಿಯ ಹೊರಗೆ ನೋಡುತ್ತ ಕುಳಿತೆ.

ಗುಡೂರು ಹತ್ತಿರವಾದಾಗ ರಸ್ತೆಯ ತುಂಬ ಹುರಳಿ ಹಾಸಿತ್ತು. ಬಸ್ಸಿನವನು ವೇಗ ತಗ್ಗಿಸದೆ ಅದರ ಮೇಲೆಯೇ ಹಾಯಿಸಿದ. ಚರಚರ ಸಪ್ಪಳವಾಯಿತು. ಬದಿಯಲ್ಲಿ ಹೊಟ್ಟಿನ ಗುಡ್ಡೆಗಳ ಹಿಂದೆ ಹೆಣ್ಣುಮಕ್ಕಳು ರಸ್ತೆಗೆ ಬೆನ್ನು ಹಾಕಿ ಕುಳಿತಿದ್ದರು.

ಅಣ್ಣ ಆ ಗುಡ್ಡೆಗಳನ್ನು ಹಿಂದಿರುಗಿ ನೋಡಿದ. ಆಮೇಲೆ ಕೇಳಿದ, "ಸಾಹೇಬ ಮತ್ತ ಏನರ ಬರದಿದ್ನೇನು?"

ಅಷ್ಟು ವರ್ಷಗಳ ನಂತರ ಕೇಳಿದ್ದ. ಯಾವ ಸಿಟ್ಟೂ ಆ ದನಿಯಲ್ಲಿ ಇರಲಿಲ್ಲ. ಈಗ ಹೇಳಿದರೆ ನನ್ನ ನೌಕರಿಗೂ ಏನೂ ಆಗುತ್ತಿರಲಿಲ್ಲ. ಅಣ್ಣಾ, ಅವನು ಬರುತ್ತೇನೆ ಎಂದು ಬರೆದಿದ್ದ, ಕಾಗದ ನನ್ನ ಹತ್ತಿರ ಇದೆ ಎಂದರೆ ಮುಗಿಯುತ್ತಿತ್ತು.

"ಇಲ್ಲ," ಎಂದೆ.

ಅವನು ತಲೆಯಾಡಿಸಿದ.

"ಅವತ್ತ ಲೈಸೆನ್ಸ್ ತೋರಿಸ್ದಾಗ ಖರೇದಾಂವ ಅನಿಸಿದ್ದ. ಕೋರ್ಟಿನದು ಏನಾತು ಅಂತ ಒಮ್ಮೆರ ಕೇಳಲಿಲ್ಲ. ಮನಷ್ಯಾರನ್ನ ಅಳಿಯಾಕ ನನಗ ಬರಲಿಲ್ಲ ನೋಡ ತಮ್ಮಾ," ಎಂದು ಹೇಳಿ, ಇಳಕಲ್ ಬರುವವರೆಗೆ ಡ್ರೈವರನ ಕೈಗಳನ್ನೇ ನೋಡುತ್ತ ಕುಳಿತ.